ಓದಲು ಬರುತ್ತದೆ, ಅರ್ಥ ಮಾತ್ರ ಆಗಲ್ಲ: ಗದ್ಯಭಾಗದ ಪ್ರಶ್ನೆಗಳ ಒಳಗುಟ್ಟು

ಮೊದಲು ಈ ಕೆಲವು ಸಾಲು ಓದಿ.

"ಇದಕ್ಕೆ ಮುಖ್ಯವಾಗಿ ಬೇಕಾದ್ದು ಎರಡೇ ವಸ್ತು. ಮೊದಲನೆಯದು ಸಿದ್ಧವಾಗುವ ತನಕ ಎರಡನೆಯದನ್ನು ಮುಟ್ಟುವಂತಿಲ್ಲ. ಎರಡೂ ಸೇರಿದ ಮೇಲೆ ಆತುರ ಬೇಡ, ಸ್ವಲ್ಪ ಹೊತ್ತು ಹಾಗೇ ಬಿಡಬೇಕು. ತೋಳಿನ ಬಲ ತೋರಿಸುವುದು ಆಮೇಲೆ. ಅಲ್ಲಿ ಸೋಮಾರಿತನ ಮಾಡಿದರೆ ಮನೆಯವರ ಮಾತು ಕೇಳಬೇಕಾಗುತ್ತದೆ. ಕೊನೆಗೆ ಕೈ ಒದ್ದೆ ಮಾಡಿಕೊಂಡು ಆಕಾರ ಕೊಡಬೇಕು. ಇಷ್ಟೆಲ್ಲ ಕಷ್ಟಪಟ್ಟರೂ ಅದನ್ನು ಅಗಿಯುವಂತಿಲ್ಲ."

ಒಂದೇ ಒಂದು ಕಷ್ಟದ ಪದ ಇಲ್ಲ. ಆದರೂ ಏನೋ ಕೈಗೆ ಸಿಕ್ಕಲಿಲ್ಲ, ಅಲ್ವಾ? ಈಗ ಶೀರ್ಷಿಕೆ ಹೇಳುತ್ತೇನೆ: ರಾಗಿ ಮುದ್ದೆ. ಮತ್ತೊಮ್ಮೆ ಓದಿ. ನೀರು, ಹಿಟ್ಟು, ಕೋಲು, ತಟ್ಟೆ ಎಲ್ಲ ಕಣ್ಣಮುಂದೆ ಬಂದಿರುತ್ತದೆ. (ಮಂಡ್ಯ, ಕೋಲಾರದ ಕಡೆಯವರು 'ತೋಳಿನ ಬಲ' ಎಂಬಲ್ಲೇ ಹಿಡಿದಿರುತ್ತೀರಿ.)

ಪದಗಳು ಅವೇ. ಬದಲಾದದ್ದು ನಿಮ್ಮ ತಲೆಯೊಳಗಿನ ಚಿತ್ರ. 1972ರಲ್ಲಿ ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇಂಥದೇ ಪ್ರಯೋಗ ಮಾಡಿದರು. ಅವರು ಆರಿಸಿಕೊಂಡಿದ್ದು ಬಟ್ಟೆ ಒಗೆಯುವ ಕೆಲಸವನ್ನು. ವಿಷಯ ಏನೆಂದು ಮೊದಲೇ ಹೇಳಿಸಿಕೊಂಡವರಿಗೆ ಚೆನ್ನಾಗಿ ಅರ್ಥವಾಯಿತು, ನೆನಪೂ ಉಳಿಯಿತು. ಎಲ್ಲ ಮುಗಿದ ಮೇಲೆ ವಿಷಯ ತಿಳಿದವರಿಗೆ ಅದರಿಂದ ಹೆಚ್ಚೇನೂ ಉಪಯೋಗ ಆಗಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಮನೆಮನೆಯಲ್ಲಿ ಕೇಳುವ ಮಾತು ಒಂದಿದೆ. "ಪಟಪಟ ಅಂತ ಓದ್ತಾನೆ, ಪ್ರಶ್ನೆ ಕೇಳಿದ್ರೆ ಬೆಬ್ಬೆಬ್ಬೆ ಅಂತಾನೆ." ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಲ್ಲಿ ಪಠ್ಯದಲ್ಲಿಲ್ಲದ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಇದಕ್ಕೆ ಅಪಠಿತ ಗದ್ಯ ಎಂದು ಹೆಸರು. ಮುಂದೆ ಐಎಎಸ್ ಬರೆಯಹೊರಟರೆ ಪ್ರಿಲಿಮ್ಸ್‌ನ ಎರಡನೇ ಪತ್ರಿಕೆಯಲ್ಲೂ ಇದೇ ತರಹದ ಪ್ರಶ್ನೆಗಳು ಕಾದಿರುತ್ತವೆ. ಬಾಯಿಪಾಠ ಮಾಡಿ ಹೋಗಲು ಆಗದ ಭಾಗ ಇದು. ಹಾಗಾಗಿಯೇ ಭಯ ಜಾಸ್ತಿ.

ಕೂಡುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ

ಓದಿ ಅರ್ಥ ಮಾಡಿಕೊಳ್ಳುವುದು ಎಂದರೆ ಏನು? ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಅಕ್ಷರವನ್ನು ಮಾತಾಗಿ ಬಿಡಿಸಿಕೊಳ್ಳುವ ಶಕ್ತಿ ಒಂದು. ಆ ಮಾತನ್ನು ಕೇಳಿದರೆ ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು. ಎರಡನ್ನೂ ಗುಣಿಸಿದರೆ ಬರುವುದು ಓದಿನ ಗ್ರಹಿಕೆ. ಗುಣಾಕಾರ ಆದ್ದರಿಂದ ಯಾವ ಕಡೆ ಸೊನ್ನೆ ಇದ್ದರೂ ಉತ್ತರ ಸೊನ್ನೆಯೇ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ತುಳುವನ್ನು ಸಾಮಾನ್ಯವಾಗಿ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಮೈಸೂರಿನ ಹುಡುಗಿಯ ಕೈಗೆ ಒಂದು ತುಳು ಪುಸ್ತಕ ಕೊಡಿ, ಜೋರಾಗಿ ಓದಿಬಿಡುತ್ತಾಳೆ. ಅರ್ಥ ಮಾತ್ರ ಸೊನ್ನೆ. ಇನ್ನೊಂದು ಕಡೆ ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿ ರೇಡಿಯೋ ನಾಟಕದ ಒಂದೊಂದು ಮಾತನ್ನೂ ಹಿಡಿಯುತ್ತಾರೆ. ಅದೇ ನಾಟಕವನ್ನು ಅಚ್ಚು ಹಾಕಿ ಕೊಟ್ಟರೆ ಅದು ಬರೀ ಕಪ್ಪು ಗೆರೆ.

ಮಗು ತಡವರಿಸದೆ ಓದಿದ ಕೂಡಲೇ ಓದು ಬಂತು ಎಂದುಕೊಳ್ಳುವುದು ನಮ್ಮ ಹಳೆಯ ತಪ್ಪು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಪೂರ್ಣ ಹೆಸರಿನಲ್ಲೇ 'ಅರ್ಥ ಮಾಡಿಕೊಂಡು ಓದುವುದು' ಎಂಬ ಮಾತು ಸೇರಿದೆ. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಕ್ಕಳಿಗೆ ಅದು ಬರಬೇಕು ಎಂಬುದು ಗುರಿ.

ನಮ್ಮ ಕೈಯಲ್ಲೊಂದು ಗದ್ಯಭಾಗ

ಪಾರಿಭಾಷಿಕ ಪದಗಳನ್ನು ಸುಮ್ನೆ ಹೇಳಿದರೆ ನೆನಪಿರುವುದಿಲ್ಲ. ಈ ಲೇಖನಕ್ಕೆಂದೇ ಬರೆದ ಪುಟ್ಟ ಗದ್ಯಭಾಗವೊಂದನ್ನು ಇಟ್ಟುಕೊಳ್ಳೋಣ. ಮುಂದಿನ ಬಹುತೇಕ ಮಾತು ಇದರ ಮೇಲೆಯೇ.

"ಬೆಳಗ್ಗೆ ಆರಕ್ಕೇ ನಿಂಗಮ್ಮ ಅಂಗಡಿಯ ಬಾಗಿಲು ತೆರೆದರು. ಮೇ ಕೊನೆಯಲ್ಲಿ ತಂದಿದ್ದ ಎರಡು ಡಜನ್ ಕೊಡೆಗಳು ಹಾಗೇ ತೂಗಾಡುತ್ತಿದ್ದವು. ಅವುಗಳ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಆಕಾಶದ ಕಡೆ ನೋಡಿದರು. ಜೂನ್ ಮುಗಿಯುತ್ತ ಬಂದಿತ್ತು. ಎದುರು ಮನೆಯ ಶಂಕ್ರಪ್ಪ ಬಿತ್ತನೆ ಬೀಜದ ಚೀಲವನ್ನು ಮತ್ತೆ ಅಟ್ಟಕ್ಕೆ ಏರಿಸುತ್ತಿದ್ದ. 'ಈ ಸಲವೂ ಬೋರ್‌ವೆಲ್ ಇರೋರಿಗೇ ಬೆಳೆ' ಎಂದು ಗೊಣಗಿದ. ನಿಂಗಮ್ಮ ಏನೂ ಹೇಳಲಿಲ್ಲ. ಒಳಗೆ ಹೋಗಿ ಸಾಲದ ಪುಸ್ತಕ ತೆಗೆದು, ಶಂಕ್ರಪ್ಪನ ಹೆಸರಿದ್ದ ಪುಟವನ್ನು ಮಡಚಿ ಇಟ್ಟರು."

ಸಾಲಿನಲ್ಲೇ ಇರುವ ಉತ್ತರ

ಅಂಗಡಿ ಎಷ್ಟು ಗಂಟೆಗೆ ತೆರೆಯಿತು? ಕೊಡೆಗಳು ಎಷ್ಟಿದ್ದವು? ಇವು ನೇರ ಪ್ರಶ್ನೆಗಳು. ಉತ್ತರ ಸಾಲಿನಲ್ಲೇ ಕೂತಿದೆ, ಬೆರಳಿಟ್ಟು ತೋರಿಸಬಹುದು. ಇಲ್ಲಿ ಬೇಕಾದ್ದು ಹುಡುಕಿ ಓದುವ ಕಲೆ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಿಂತು ನಿಮ್ಮೂರಿನ ಬೋರ್ಡ್ ಹುಡುಕುವಾಗ ಬೇರೆ ಬೋರ್ಡುಗಳನ್ನು ಓದುತ್ತೀರಾ? ಇಲ್ಲ, ಒಂದೇ ಹೆಸರಿಗೆ ಕಣ್ಣು ಕಾಯುತ್ತಿರುತ್ತದೆ. ಇದೂ ಹಾಗೆಯೇ.

ಇದರ ಅಣ್ಣನೋ ತಮ್ಮನೋ ಇನ್ನೊಂದಿದೆ, ಕಣ್ಣಾಡಿಸುವುದು. ಬೆಳಗ್ಗೆ ಪೇಪರ್ ಬಂದಾಗ ತಲೆಬರಹಗಳ ಮೇಲೆ ಓಡಾಡಿ ಇವತ್ತು ಏನೇನು ನಡೆದಿದೆ ಎಂದು ತಿಳಿಯುತ್ತೀರಲ್ಲ, ಅದು. ಹುಡುಕಿ ಓದುವಾಗ ಒಂದು ವಿವರ ಸಿಗುತ್ತದೆ, ಕಣ್ಣಾಡಿಸಿದಾಗ ಒಟ್ಟು ವಿಷಯ ಯಾವುದರ ಬಗ್ಗೆ ಎಂದು ಸಿಗುತ್ತದೆ. ಗದ್ಯಭಾಗಕ್ಕೆ ಮೊದಲು ಎರಡನೆಯದು ಬೇಕು. ಮುದ್ದೆಯ ಶೀರ್ಷಿಕೆ ಮೊದಲೇ ಗೊತ್ತಿದ್ದರೆ ಹೇಗಿರುತ್ತಿತ್ತು, ಯೋಚಿಸಿ.

ಎರಡು ಡಜನ್ ಅಂದರೆ 24. ಪ್ರಶ್ನೆಯಲ್ಲಿ 'ಎಷ್ಟು ಕೊಡೆಗಳು' ಎಂದಿದ್ದು ಆಯ್ಕೆಗಳಲ್ಲಿ 2, 12, 24 ಇದ್ದರೆ ಗಡಿಬಿಡಿಯಲ್ಲಿ 2 ಎಂದು ಗುರುತು ಹಾಕಿಬರುವವರು ಇರುತ್ತಾರೆ. ನೇರ ಪ್ರಶ್ನೆ ಎಂದರೆ ಸುಲಭ ಪ್ರಶ್ನೆ ಎಂದೇನೂ ಅಲ್ಲ.

ಸಾಲುಗಳ ನಡುವೆ ಇರುವ ಉತ್ತರ

ಆ ಊರಿನಲ್ಲಿ ಮಳೆ ಬಂದಿದೆಯೇ? ಗದ್ಯಭಾಗವನ್ನು ಮತ್ತೆ ನೋಡಿ. 'ಮಳೆ' ಎಂಬ ಪದವೇ ಅಲ್ಲಿಲ್ಲ! ಆದರೂ ಬಂದಿಲ್ಲ ಎಂದು ನಮಗೆ ಖಾತ್ರಿ. ಕೊಡೆಗಳು ಮಾರಾಟವಾಗಿಲ್ಲ, ಅವುಗಳ ಮೇಲೆ ಧೂಳು ಕೂತಿದೆ, ಜೂನ್ ಮುಗಿಯುತ್ತಿದ್ದರೂ ಬೀಜದ ಚೀಲ ಹೊಲಕ್ಕೆ ಹೋಗುವ ಬದಲು ಅಟ್ಟ ಹತ್ತುತ್ತಿದೆ. ಹೀಗೆ ಕೊಟ್ಟ ಸುಳಿವುಗಳಿಗೆ ನಮಗೆ ಗೊತ್ತಿರುವ ಲೋಕಜ್ಞಾನ ಸೇರಿಸಿ, ಹೇಳದೇ ಇದ್ದದ್ದನ್ನು ತಿಳಿಯುವುದಕ್ಕೆ ಅನುಮಾನಿಸುವುದು ಅಥವಾ ಊಹಿಸುವುದು ಎನ್ನುತ್ತಾರೆ. ಇಲ್ಲಿ ಅನುಮಾನ ಎಂದರೆ ಸಂಶಯ ಅಲ್ಲ. ಹೊಗೆ ಕಂಡರೆ ಬೆಂಕಿ ಇದೆ ಎಂದು ತರ್ಕಶಾಸ್ತ್ರದವರು ಹೇಳುತ್ತಾರಲ್ಲ, ಆ ಅನುಮಾನ.

ಇದು ನಮ್ಮವರಿಗೆ ಹೊಸದಲ್ಲ. 9ನೇ ಶತಮಾನದ ಕಾಶ್ಮೀರದ ಆನಂದವರ್ಧನ, ಹೇಳಿದ ಮಾತಿನ ಆಚೆಗೆ ಹೊಳೆಯುವ ಅರ್ಥವನ್ನು ಧ್ವನಿ ಎಂದು ಕರೆದು ಅದರ ಮೇಲೇ ಒಂದು ಗ್ರಂಥ ಬರೆದ. ಸಂಸ್ಕೃತ ಕಾವ್ಯಶಾಸ್ತ್ರದವರು ಕೊಡುವ ಚಿಕ್ಕ ಉದಾಹರಣೆ ನನಗೆ ತುಂಬಾ ಇಷ್ಟ: "ಸೂರ್ಯ ಮುಳುಗಿದ." ದನ ಕಾಯುವವನಿಗೆ ಇದರ ಅರ್ಥ ದನಗಳನ್ನು ಹಟ್ಟಿಗೆ ಹೊಡೆಯುವ ಹೊತ್ತಾಯಿತು ಎಂದು. ಸಂಧ್ಯಾವಂದನೆ ಮಾಡುವವರಿಗೆ ನದಿಗೆ ಹೊರಡುವ ಹೊತ್ತು. ಕೂಲಿಯವರಿಗೆ ಕೆಲಸ ಬಿಡುವ ಹೊತ್ತು. ಮಾತು ಒಂದೇ. ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದರ ಮೇಲೆ ಅರ್ಥ ನಿಲ್ಲುತ್ತದೆ.

ಕನ್ನಡ ಪತ್ರಿಕೆಯ 'ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ' ಎಂಬ ಪ್ರಶ್ನೆ ಕೇಳುವುದು ಇದನ್ನೇ. ಪಾಠದ ಹೆಸರು, ಯಾರು ಯಾರಿಗೆ ಹೇಳಿದರು ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಸ್ವಾರಸ್ಯದ ಹತ್ತಿರ ಬಂದಾಗ "ಈ ಮಾತು ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ" ಎಂದು ಬರೆದು ಮುಗಿಸುತ್ತಾರೆ. ನಾನೂ ಹಾಗೆಯೇ ಬರೆದು ಬಂದವನು, ಮುಚ್ಚಿಡುವುದೇಕೆ. ಸ್ವಾರಸ್ಯ ಎಂದರೆ ಆ ಸಾಲು ಬಾಯಿಬಿಟ್ಟು ಹೇಳದೆ ಹೊಳೆಯಿಸುವ ಅರ್ಥ ಎಂದು ಆಗ ಯಾರಾದರೂ ಹೇಳಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಊಹೆಗೆ ಒಂದು ಕಟ್ಟುಪಾಡು ಉಂಟು. ಪ್ರತಿ ಊಹೆಗೂ ಗದ್ಯಭಾಗದಲ್ಲಿ ಒಂದಾದರೂ ಸಾಕ್ಷಿ ಬೇಕು. "ಶಂಕ್ರಪ್ಪ ಕುಡುಕ" ಎಂದು ಬರೆದರೆ ಅದು ಊಹೆಯಲ್ಲ, ಕಥೆ ಕಟ್ಟಿದಂತೆ. "ನಿಂಗಮ್ಮ ಶಂಕ್ರಪ್ಪನಿಗಿಂತ ವಯಸ್ಸಿನಲ್ಲಿ ದೊಡ್ಡವರಿರಬಹುದು" ಎಂದರೆ ಒಪ್ಪಬಹುದು. ಯಾಕೆ? ನಿಂಗಮ್ಮ 'ತೆರೆದರು', 'ಇಟ್ಟರು'. ಶಂಕ್ರಪ್ಪ 'ಏರಿಸುತ್ತಿದ್ದ', 'ಗೊಣಗಿದ'. ಒಬ್ಬರಿಗೆ ಬಹುವಚನ, ಇನ್ನೊಬ್ಬನಿಗೆ ಏಕವಚನ. ಇರಬಹುದು ಅಂದದ್ದು ಬೇಕೆಂದೇ. ಮರ್ಯಾದೆಗೆ ವಯಸ್ಸೊಂದೇ ಕಾರಣ ಆಗಬೇಕಿಲ್ಲ.

ಪದದ ಬಾಲ ನೋಡಿ

ಕನ್ನಡದಲ್ಲಿ ಬಹಳಷ್ಟು ಅರ್ಥ ಪದದ ಕೊನೆಯಲ್ಲಿ ಅಡಗಿರುತ್ತದೆ. ವೇಗವಾಗಿ ಓದುವವರು ಪದದ ತಲೆ ನೋಡಿ ಬಾಲ ನುಂಗಿಬಿಡುತ್ತಾರೆ. ಅಲ್ಲೇ ಎಡವಟ್ಟಾಗುವುದು.

'ರವಿ ಬಂದ' ಎಂಬ ಎರಡು ಪದ ತೆಗೆದುಕೊಳ್ಳಿ. 'ರವಿಯೂ ಬಂದ' ಎಂದರೆ ಬೇರೆಯವರೂ ಬಂದಿದ್ದರು. 'ರವಿಯೇ ಬಂದ' ಎಂದರೆ ಬೇರೆ ಯಾರೂ ಅಲ್ಲ, ಅವನು. 'ರವಿ ಬಂದನಂತೆ' ಎಂದರೆ ಹೇಳುವವನು ಕಣ್ಣಾರೆ ಕಂಡಿಲ್ಲ, ಕೇಳಿದ್ದು. 'ರವಿ ಬಂದಾನು' ಎಂದರೆ ಇನ್ನೂ ಬಂದೇ ಇಲ್ಲ, ಬರಬಹುದು. ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಓದಿದ್ದೀರಲ್ಲ, ಅದೇ ಇದು.

ಈಗ ಶಂಕ್ರಪ್ಪನ ಗೊಣಗಾಟಕ್ಕೆ ಬನ್ನಿ. "ಈ ಸಲವೂ" ಎಂದಿದ್ದಾನೆ. ಆ ಒಂದು 'ಊ' ಸಾಕು, ಹಿಂದೆಯೂ ಹೀಗೇ ಆಗಿತ್ತು ಎಂದು ಗೊತ್ತಾಗಲು. "ಬೋರ್‌ವೆಲ್ ಇರೋರಿಗೇ" ಎಂಬಲ್ಲಿನ 'ಏ' ಇನ್ನೊಂದನ್ನು ಹೇಳುತ್ತದೆ: ಅವರಿಗೆ ಮಾತ್ರ ಬೆಳೆ, ತನಗಿಲ್ಲ. ಅಂದರೆ ಶಂಕ್ರಪ್ಪನದು ಮಳೆ ನಂಬಿದ ಹೊಲ. "ಶಂಕ್ರಪ್ಪನ ಹೊಲಕ್ಕೆ ಬೋರ್‌ವೆಲ್ ಇದೆಯೇ?" ಎಂಬ ಪ್ರಶ್ನೆಗೆ ಉತ್ತರ ಒಂದು ಸ್ವರದೊಳಗೆ ಇದೆ.

ನಮ್ಮ ವಾಕ್ಯದ ಇನ್ನೊಂದು ಗುಣ, ಕ್ರಿಯಾಪದ ಕೊನೆಯಲ್ಲಿ ಬರುತ್ತದೆ. 'ಅಲ್ಲ', 'ಇಲ್ಲ', 'ಆಗದು' ಕೂಡ ಅಲ್ಲಿಯೇ. "ಬರಗಾಲಕ್ಕೆ ಮಳೆಯ ಕೊರತೆಯೊಂದೇ ಕಾರಣ ಎಂದು ಹಲವರು ನಂಬಿದ್ದರೂ ಅದನ್ನು ಪೂರ್ತಿ ಒಪ್ಪಲಾಗದು" ಎಂಬ ವಾಕ್ಯವನ್ನು ಅರ್ಧಕ್ಕೆ ಬಿಟ್ಟವರು ಲೇಖಕರ ಮಾತನ್ನು ತಿರುಗುಮುರುಗು ಮಾಡಿ ಬರೆಯುತ್ತಾರೆ. ಉದ್ದದ ವಾಕ್ಯ ಸಿಕ್ಕರೆ ಮೊದಲು ಕೊನೆಯ ಪದ ನೋಡಿ, ಆಮೇಲೆ ಮೊದಲಿಂದ ಓದಿ.

ಗೊತ್ತಿಲ್ಲದ ಪದ ಅಡ್ಡ ಬಂದರೆ

ಪರೀಕ್ಷಾ ಕೊಠಡಿಯಲ್ಲಿ ನಿಘಂಟು ಇರುವುದಿಲ್ಲ. ಫ್ಲಾಟಿನಲ್ಲಿ ಬೆಳೆದ ಮಗುವಿಗೆ 'ಅಟ್ಟ' ಗೊತ್ತಿಲ್ಲದಿರಬಹುದು. ಆದರೆ ಚೀಲವನ್ನು ಅದಕ್ಕೆ 'ಏರಿಸುತ್ತಿದ್ದ' ಎಂದಿದೆ. ಹಾಗಾದರೆ ಅದು ಎತ್ತರದಲ್ಲಿರುವ, ಸಾಮಾನು ಇಡುವ ಜಾಗ. ಅಷ್ಟು ಸಾಕು. ಅಕ್ಕಪಕ್ಕದ ಪದಗಳಿಂದ ಅರ್ಥ ತೆಗೆಯುವ ಈ ಉಪಾಯಕ್ಕೆ ಸಂದರ್ಭದಿಂದ ಅರ್ಥ ಗ್ರಹಿಸುವುದು ಎನ್ನುತ್ತಾರೆ.

ಇನ್ನೊಂದು ದಾರಿ ಪದವನ್ನು ಬಿಡಿಸುವುದು. 'ಮಳೆಯಾಶ್ರಿತ' ಎಂದರೆ ಮಳೆ ಮತ್ತು ಆಶ್ರಿತ, ಮಳೆಯನ್ನು ನೆಚ್ಚಿಕೊಂಡದ್ದು. 'ಅಪಠಿತ' ಎಂದರೆ ಪಠಿತವಲ್ಲದ್ದು, ಓದಿಲ್ಲದ್ದು. ಸಂಧಿ, ಸಮಾಸ ಬರೀ ಅಂಕಕ್ಕೆ ಎಂದುಕೊಂಡವರಿಗೆ ಇಲ್ಲಿ ಅವು ನಿಜವಾಗಿ ಕೆಲಸಕ್ಕೆ ಬರುತ್ತವೆ. ಹಾಗಂತ ಕಂಡಕಂಡಲ್ಲಿ ಕತ್ತರಿ ಹಾಕಬೇಡಿ. ಅರಸ ಎಂದರೆ ರಸವಿಲ್ಲದವನಲ್ಲ!

ಎರಡೂ ಕೈಕೊಟ್ಟರೆ ಆ ಪದ ಬಿಟ್ಟು ಮುಂದೆ ಹೋಗಿ. ಆದರೆ ಹತ್ತು ಪದಗಳಲ್ಲಿ ನಾಲ್ಕು ಗೊತ್ತಿಲ್ಲ ಎಂದಾದರೆ ಯಾವ ಉಪಾಯವೂ ನಡೆಯದು. ಅದಕ್ಕೆ ಪರೀಕ್ಷೆಗೆ ತುಂಬಾ ಮೊದಲಿನಿಂದಲೇ ಬೇರೆ ಬೇರೆ ವಿಷಯ ಓದಿರಬೇಕು. ವಿಷಯದ ಪರಿಚಯ ಎಷ್ಟು ಮುಖ್ಯ ಎನ್ನುವುದಕ್ಕೆ 1988ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದಿದೆ. ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವಿವರಣೆ ಓದಲು ಕೊಟ್ಟರು. ಓದಿನಲ್ಲಿ ಹಿಂದೆ ಇದ್ದು ಬೇಸ್‌ಬಾಲ್ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ನಮ್ಮಲ್ಲಿ ಕ್ರಿಕೆಟ್ ಹುಚ್ಚಿನ 'ದಡ್ಡ' ಹುಡುಗ ಪೇಪರಿನ ಕೊನೆಯ ಪುಟವನ್ನು ಸಲೀಸಾಗಿ ಅರಗಿಸಿಕೊಳ್ಳುವುದು ಹೀಗೆಯೇ.

ಮುಖ್ಯಾಂಶ, ಸಾರಾಂಶ, ಶೀರ್ಷಿಕೆ

ಮೂರನ್ನೂ ಕಲಸಿಬಿಡುವವರೇ ಹೆಚ್ಚು. ವಿಷಯ ಎಂದರೆ ಯಾವುದರ ಬಗ್ಗೆ. ಮುಖ್ಯಾಂಶ ಎಂದರೆ ಅದರ ಬಗ್ಗೆ ಏನು ಹೇಳಿದೆ. ನಮ್ಮ ಗದ್ಯಭಾಗದ ವಿಷಯ ಮಳೆ ಬಾರದ ಒಂದು ಬೆಳಗು. ಮುಖ್ಯಾಂಶ: ಮಳೆ ಕೈಕೊಟ್ಟರೆ ರೈತನ ಜೊತೆ ಅವನನ್ನು ನೆಚ್ಚಿದ ಸಣ್ಣ ಅಂಗಡಿಯೂ ಕಷ್ಟಕ್ಕೆ ಬೀಳುತ್ತದೆ. ಎರಡು ಡಜನ್, ಆರು ಗಂಟೆ, ಸೆರಗು ಇವು ಪೋಷಕ ವಿವರಗಳು. ಚಪ್ಪರಕ್ಕೆ ಕಂಬಗಳಿದ್ದ ಹಾಗೆ.

ಸಾರಾಂಶ ಎಂದರೆ ಮುಖ್ಯಾಂಶ ಮತ್ತು ಅಗತ್ಯದ ವಿವರಗಳನ್ನು ನಿಮ್ಮದೇ ಮಾತಿನಲ್ಲಿ, ಸಾಮಾನ್ಯವಾಗಿ ಮೂಲದ ಮೂರನೇ ಒಂದು ಭಾಗದಷ್ಟರಲ್ಲಿ ಬರೆಯುವುದು. ಮೂಲದಿಂದ ನಾಲ್ಕು ಸಾಲು ಎತ್ತಿ ಅಂಟಿಸಿದರೆ ಅದು ಸಾರಾಂಶವಲ್ಲ. ನಿಮ್ಮ ಅಭಿಪ್ರಾಯ ಸೇರಿಸಿದರೂ ಅಲ್ಲ.

ಶೀರ್ಷಿಕೆ ಕೊಡಿ ಎಂದರೆ ಅಂಗಿ ಅಳತೆಗೆ ಕೂರಬೇಕು. 'ಕೊಡೆಗಳು' ಎಂದರೆ ಬಿಗಿ, ಶಂಕ್ರಪ್ಪ ಹೊರಗುಳಿಯುತ್ತಾನೆ. 'ಭಾರತದ ಕೃಷಿ ಸಮಸ್ಯೆ' ಎಂದರೆ ದೊಗಳೆ. 'ಬಾರದ ಮಳೆ' ಎಂದರೆ ಸರಿಯಾಗಿ ಕೂರುತ್ತದೆ.

ವಾಸ್ತವ ಯಾವುದು, ಅಭಿಪ್ರಾಯ ಯಾವುದು ಎಂಬ ಪ್ರಶ್ನೆಯೂ ಇತ್ತೀಚೆಗೆ ಕಾಣುತ್ತದೆ. ಪರೀಕ್ಷಿಸಿ ಹೌದು-ಅಲ್ಲ ಎನ್ನಬಹುದಾದರೆ ವಾಸ್ತವ. 'ಜೂನ್ ಮುಗಿಯುತ್ತ ಬಂದಿತ್ತು' ಎಂಬುದು ಹಾಗೆ, ಕ್ಯಾಲೆಂಡರ್ ನೋಡಿದರಾಯಿತು. 'ಬೋರ್‌ವೆಲ್ ಇರೋರಿಗೇ ಬೆಳೆ' ಎಂಬುದು ಶಂಕ್ರಪ್ಪನ ಅನಿಸಿಕೆ.

ಅರ್ಥವಾಗಿಲ್ಲ ಎಂದು ಗೊತ್ತಾಗುವುದೂ ಒಂದು ಕಲೆ

ವಿಚಿತ್ರ ಎನಿಸಬಹುದು, ಆದರೆ ತಮಗೆ ಅರ್ಥವಾಗಿಲ್ಲ ಎಂಬುದೇ ಎಷ್ಟೋ ಮಕ್ಕಳಿಗೆ ಗೊತ್ತಾಗುವುದಿಲ್ಲ. ಎಲೆನ್ ಮಾರ್ಕ್‌ಮನ್ ಎಂಬ ಸಂಶೋಧಕಿ 1970ರ ದಶಕದ ಕೊನೆಯಲ್ಲಿ ಮಕ್ಕಳಿಗೆ ಬೇಕೆಂದೇ ತಾಳೆಯಾಗದ ಬರಹಗಳನ್ನು ಓದಿ ಹೇಳಿದರು. ಸಮುದ್ರದ ತಳದಲ್ಲಿ ಬೆಳಕೇ ಇಲ್ಲ ಎಂದು ಒಂದು ಕಡೆ, ಅಲ್ಲಿನ ಮೀನುಗಳು ಬಣ್ಣ ನೋಡಿ ಆಹಾರ ಗುರುತಿಸುತ್ತವೆ ಎಂದು ಇನ್ನೊಂದು ಕಡೆ. ಹಲವು ಮಕ್ಕಳಿಗೆ ಇದರಲ್ಲಿ ತಪ್ಪೇನೂ ಕಾಣಲೇ ಇಲ್ಲ.

ಮನೆಯಲ್ಲಿ ಮಾಡಬಹುದಾದ ಮದ್ದು ಸುಲಭ. ಒಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ತಂಗಿಗೋ ಅಮ್ಮನಿಗೋ ಎರಡು ಮಾತಿನಲ್ಲಿ ಹೇಳಿ. ಎಲ್ಲಿ ತಡವರಿಸುತ್ತೀರೋ ಅಲ್ಲಿಗೆ ವಾಪಸ್ ಹೋಗಿ ಓದಿ. ಬಣ್ಣದ ಪೆನ್ನಿನಿಂದ ಪುಟ ತುಂಬಾ ಗೆರೆ ಎಳೆಯುವುದಕ್ಕಿಂತ ಇದು ಎಷ್ಟೋ ವಾಸಿ. ಓದಿನ 10 ವಿಧಾನಗಳನ್ನು ತೂಗಿ ನೋಡಿದ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರ 2013ರ ವರದಿಯಲ್ಲಿ ಗೆರೆ ಎಳೆಯುವುದು, ಸುಮ್ಮನೆ ಮತ್ತೆ ಮತ್ತೆ ಓದುವುದು ಕೆಳಗಿನ ಸಾಲಿನಲ್ಲಿವೆ. ತನಗೆ ತಾನೇ ಪ್ರಶ್ನೆ ಹಾಕಿಕೊಂಡು ಉತ್ತರಿಸುವುದು ಮೇಲಿನ ಸಾಲಿನಲ್ಲಿದೆ.

ಪ್ರಶ್ನೆಯನ್ನೂ ಓದಬೇಕಲ್ಲ

ಗದ್ಯಭಾಗವನ್ನು ಮೂರು ಸಲ ಓದಿ ಪ್ರಶ್ನೆಯನ್ನು ಅರ್ಧ ಓದುವವರು ಇದ್ದಾರೆ. 'ಪಟ್ಟಿ ಮಾಡಿ' ಎಂದರೆ ಹೆಸರುಗಳು ಸಾಕು. 'ವಿವರಿಸಿ' ಎಂದರೆ ಹೇಗೆ, ಏಕೆ ಎಂಬುದೂ ಬೇಕು. 'ಸಮರ್ಥಿಸಿ' ಎಂದರೆ ಹೇಳಿಕೆಯ ಪರವಾಗಿ ಸಾಕ್ಷಿ ತರಬೇಕು, ವಿರೋಧ ವಾದಕ್ಕೆ ಅಲ್ಲಿ ಜಾಗವಿಲ್ಲ. 'ಹೋಲಿಸಿ' ಎಂದರೆ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಬೇಕು; ಒಬ್ಬರ ಬಗ್ಗೆ ಅರ್ಧ ಪುಟ, ಇನ್ನೊಬ್ಬರ ಬಗ್ಗೆ ಅರ್ಧ ಪುಟ ಬರೆದರೆ ಹೋಲಿಕೆ ಆಗಲಿಲ್ಲ. 'ಗದ್ಯಭಾಗದ ಪ್ರಕಾರ' ಎಂದಿದ್ದರೆ ನಿಮಗೆ ಬೇರೆ ಕಡೆಯಿಂದ ಎಷ್ಟೇ ಗೊತ್ತಿರಲಿ, ಉತ್ತರ ಗದ್ಯಭಾಗದೊಳಗಿನದೇ ಆಗಬೇಕು. 'ನಿಮ್ಮ ಅಭಿಪ್ರಾಯವೇನು' ಎಂದಾಗ ಮಾತ್ರ ಬಾಗಿಲು ತೆರೆದಿದೆ.

ಪ್ರತಿ ಪ್ರಶ್ನೆಯ ಪಕ್ಕ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ ಅಭ್ಯಾಸ ಮಾಡಿ: ಉತ್ತರ ಸಾಲಿನಲ್ಲಿದೆಯೋ, ಸಾಲುಗಳ ನಡುವೆಯೋ, ನನ್ನ ತಲೆಯಲ್ಲೋ. ಮನೆಯಲ್ಲಿ ಹತ್ತಿಪ್ಪತ್ತು ಗದ್ಯಭಾಗಗಳಿಗೆ ಹೀಗೆ ಮಾಡಿದರೆ ಆಮೇಲೆ ಪೆನ್ಸಿಲ್ ಬೇಕಾಗುವುದಿಲ್ಲ.

ಮೊದಲ 15 ನಿಮಿಷ

ಎಸ್ಸೆಸ್ಸೆಲ್ಸಿಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುತ್ತಾರೆ. ಗೊತ್ತಿರುವ ಪ್ರಶ್ನೆಗಳನ್ನು ಎಣಿಸಿ ಖುಷಿಪಡುವುದರಲ್ಲೇ ಅದು ಕಳೆದುಹೋಗುತ್ತದೆ. ಅದರಲ್ಲಿ ಮೂರು ನಿಮಿಷ ಗದ್ಯಭಾಗಕ್ಕೆ ಎತ್ತಿಡಿ. ಮೊದಲು ಕಣ್ಣಾಡಿಸಿ ವಿಷಯ ಹಿಡಿಯಿರಿ. ಆಮೇಲೆ ಪ್ರಶ್ನೆಗಳನ್ನು ಓದಿ. ಕೊನೆಗೆ ಗದ್ಯಭಾಗವನ್ನು ನಿಧಾನವಾಗಿ, ಪದದ ಬಾಲ ಬಿಡದೆ ಓದಿ. ಬರೆಯಲು ಕೂತಾಗ ಹೊಸದಾಗಿ ಹುಡುಕಾಡುವುದು ತಪ್ಪುತ್ತದೆ.

ಅಭ್ಯಾಸಕ್ಕೆ ಒಂದು ಪ್ರಶ್ನೆ ಉಳಿಸಿಕೊಂಡಿದ್ದೇನೆ. ನಿಂಗಮ್ಮ ಆ ಪುಟವನ್ನು ಮಡಚಿಟ್ಟದ್ದೇಕೆ? ಸದ್ಯಕ್ಕೆ ಸಾಲ ಕೇಳುವುದು ಬೇಡ ಎಂದೇ, ಅಥವಾ ಇನ್ನು ಇವನಿಗೆ ಸಾಲ ಕೊಡುವುದು ಬೇಡ ಎಂದೇ? "ಏನೂ ಹೇಳಲಿಲ್ಲ" ಎಂಬ ಸಾಲು ಯಾವ ಕಡೆಗೆ ವಾಲುತ್ತದೆ? ನಾನು ಮೊದಲನೆಯ ಕಡೆಗಿದ್ದೇನೆ. ನಿಮ್ಮ ಉತ್ತರ ಬೇರೆಯಾಗಿದ್ದರೆ ಸಾಕ್ಷಿಯ ಸಾಲನ್ನೂ ಜೊತೆಗೆ ಬರೆಯಿರಿ.